ಬೆಂಕಿಗೆ ಸಿಕ್ಕ ಟಿಪ್ಪಣಿ, ನೆನಪಿನಲ್ಲಿ ಉಳಿದ ಹಳ್ಳಿ: ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್

ರಾಜ್ಯದಲ್ಲಿ ಚುನಾವಣೆ ಘೋಷಣೆಯಾಯಿತೆಂದರೆ ಪತ್ರಿಕೆಗಳ ಪುಟಗಳಲ್ಲೂ ಟಿವಿ ಚರ್ಚೆಗಳಲ್ಲೂ ಎರಡು ಪದಗಳು ಮೇಲಿಂದ ಮೇಲೆ ಕಾಣಿಸಿಕೊಳ್ಳತೊಡಗುತ್ತವೆ. ಒಂದು ಮತಬ್ಯಾಂಕ್, ಇನ್ನೊಂದು ಪ್ರಬಲ ಜಾತಿ. ಟಿಕೆಟ್ ಹಂಚಿಕೆಯ ಲೆಕ್ಕಾಚಾರದಿಂದ ಹಿಡಿದು ಮಂತ್ರಿಮಂಡಲ ರಚನೆಯವರೆಗೆ ಈ ಪದಗಳಿಲ್ಲದೆ ವರದಿ ಮುಂದುವರಿಯುವುದೇ ಇಲ್ಲ. ಆದರೆ ಇವು ಯಾವುದೋ ಪಕ್ಷದ ಕಚೇರಿಯಲ್ಲಿ ಹುಟ್ಟಿದವಲ್ಲ. ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ, ಪಟೇಲರ ಎತ್ತುಗಳನ್ನು ಕಟ್ಟುತ್ತಿದ್ದ ಮನೆಯ ಒಂದು ಭಾಗದಲ್ಲಿ ಬಿಡಾರ ಹೂಡಿದ್ದ 31ರ ಹರೆಯದ ಸಂಶೋಧಕರೊಬ್ಬರು 1948ರಲ್ಲಿ ನಡೆಸಿದ ಅಧ್ಯಯನದ ಫಲ ಇವು. ಆ ಸಂಶೋಧಕರ ಹೆಸರು ಮೈಸೂರು ನರಸಿಂಹಾಚಾರ್ ಶ್ರೀನಿವಾಸ್. ಲೋಕಕ್ಕೆ ಎಂ.ಎನ್. ಶ್ರೀನಿವಾಸ್.

ಸಮಾಜಶಾಸ್ತ್ರವನ್ನು ಪದವಿಗೆ ಓದುವ ವಿದ್ಯಾರ್ಥಿಗಳಿಗೆ ಶ್ರೀನಿವಾಸ್ ಎಂದರೆ ಸಂಸ್ಕೃತಾನುಕರಣ ಎಂಬ ಐದು ಅಂಕದ ಪ್ರಶ್ನೆ. ವ್ಯಾಖ್ಯೆ ಬರೆದು, ಎರಡು ಉದಾಹರಣೆ ಕೊಟ್ಟು, ಒಂದು ಟೀಕೆ ಸೇರಿಸಿದರೆ ಅಂಕ ಸಿಕ್ಕಿತು. ಆ ಪರಿಕಲ್ಪನೆಯ ಹಿಂದೆ ಜಾತಿಯನ್ನು ಎಲ್ಲಿ ನಿಂತು ನೋಡಬೇಕು ಎಂಬ ದೊಡ್ಡ ತಕರಾರೊಂದಿತ್ತು ಎಂಬುದು ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಮೂಡಿಬಂದಿಲ್ಲ. ಗ್ರಂಥಗಳ ಮುಂದೆ ಕುಳಿತು ನೋಡಬೇಕೆ, ಜಗಲಿಯ ಮೇಲೆ ಕುಳಿತು ನೋಡಬೇಕೆ ಎಂಬುದು ಆ ತಕರಾರಿನ ತಿರುಳು.

ಬಂಡೀಕೇರಿಯ ಪಾಠ

ಶ್ರೀನಿವಾಸ್ ಹುಟ್ಟಿದ್ದು 1916ರ ನವೆಂಬರ್ 16ರಂದು, ಮೈಸೂರಿನಲ್ಲಿ. ಮನೆಯಲ್ಲಿ ತಮಿಳು ಮಾತನಾಡುವ ಅಯ್ಯಂಗಾರ್ ಕುಟುಂಬ. ತಂದೆಯವರ ಮೂಲ ಊರು ಅರಕೆರೆ. ಮಕ್ಕಳ ವಿದ್ಯಾಭ್ಯಾಸದ ಸಲುವಾಗಿ ಹಳ್ಳಿಯನ್ನು ಬಿಟ್ಟು ನಗರ ಸೇರಿದವರು ಅವರು. ಜಮೀನು ಹಳ್ಳಿಯಲ್ಲಿ, ಸಂಬಳದ ನೌಕರಿ ನಗರದಲ್ಲಿ ಎಂಬುದು ಆ ಕಾಲದ ಹಳೆ ಮೈಸೂರಿನ ಬ್ರಾಹ್ಮಣ ಕುಟುಂಬಗಳ ಸಾಮಾನ್ಯ ಚಿತ್ರ. ಕಾಲೇಜು ರಸ್ತೆಯ ಆ ಬೀದಿಯಲ್ಲಿ ಹೀಗೆ ಹಳ್ಳಿಯಿಂದ ಬಂದು ನೆಲೆಸಿದ ಮನೆಗಳು ಹಲವಿದ್ದವು.

ಮನೆಯ ಹಿಂದುಗಡೆ ಕುರುಬ ಸಮುದಾಯದವರು ವಾಸಿಸುತ್ತಿದ್ದ ಬಂಡೀಕೇರಿ. ನಡುವೆ ಕೆಲವು ಹೆಜ್ಜೆಗಳ ಅಂತರ ಮಾತ್ರ. ಆದರೆ ಆಚೆಗಿನ ಊಟ, ಉಡುಗೆ, ಮಾತಿನ ಧಾಟಿ, ದೇವರು, ಮದುವೆ, ಜಗಳ ಎಲ್ಲವೂ ಬೇರೆ. ಮನೆಯ ಮುಂಬಾಗಿಲಿನ ಲೋಕವೊಂದು, ಹಿತ್ತಿಲ ಬಾಗಿಲಿನ ಲೋಕ ಇನ್ನೊಂದು. ಪರದೇಶಕ್ಕೆ ಹೋದವರಿಗೆ ಆಗುವ ಬೆರಗು ತಮಗೆ ಮೊದಲು ಆದದ್ದು ಆ ಹಿತ್ತಿಲಾಚೆಯ ಕೇರಿಯಲ್ಲಿ ಎಂದು ಶ್ರೀನಿವಾಸ್ ಮುಂದೆ ಬರೆದುಕೊಂಡರು. ಜಾತಿ ಎಂಬುದನ್ನು ನಾಲ್ಕು ವರ್ಣಗಳ ಪಟ್ಟಿಯಾಗಿ ಅಲ್ಲದೆ, ಬೀದಿಯಿಂದ ಬೀದಿಗೆ ಬದಲಾಗುವ ಬದುಕಾಗಿ ನೋಡುವ ಕಣ್ಣು ಅವರಿಗೆ ಅಲ್ಲೇ ತೆರೆಯಿತೆಂದು ಭಾವಿಸಬಹುದು.

ಹದಿನೆಂಟರ ಪ್ರಾಯದಲ್ಲಿ ತಂದೆಯನ್ನು ಕಳೆದುಕೊಂಡ ಅವರು ಮಹಾರಾಜಾ ಕಾಲೇಜಿನಲ್ಲಿ ಓದು ಮುಂದುವರಿಸಿದರು. ಆಯ್ಕೆ ಮಾಡಿಕೊಂಡದ್ದು ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್ ಪದವಿ. ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಎ.ಆರ್. ವಾಡಿಯಾ ಅವರು ರೂಪಿಸಿದ ಆ ಪಠ್ಯಕ್ರಮದಲ್ಲಿ ಸಮಾಜಶಾಸ್ತ್ರ, ಮಾನವಶಾಸ್ತ್ರ, ನೀತಿಶಾಸ್ತ್ರ, ರಾಜಕೀಯ ಚಿಂತನೆ ಎಲ್ಲವೂ ಒಟ್ಟಾಗಿ ಬೆರೆತಿದ್ದವು. ಒಂದು ವಿಷಯದಲ್ಲಿ ಆಳವಾಗಿ ಇಳಿಯಲು ಅದು ಅವಕಾಶ ಕೊಡುತ್ತಿರಲಿಲ್ಲವಾದರೂ, ಆಗ ದೇಶದ ಬಹುತೇಕ ವಿಶ್ವವಿದ್ಯಾಲಯಗಳು ಹೆಸರನ್ನೂ ಎತ್ತದಿದ್ದ ಒಂದು ಶಾಸ್ತ್ರದ ಪರಿಚಯವನ್ನು ಮೈಸೂರು ತನ್ನ ವಿದ್ಯಾರ್ಥಿಗಳಿಗೆ ಮಾಡಿಸಿತ್ತು. ಪುರಾತತ್ತ್ವಜ್ಞ ಎಂ.ಎಚ್. ಕೃಷ್ಣ ಅವರ ಪಾಠವೂ ಶ್ರೀನಿವಾಸರಿಗೆ ದೊರೆಯಿತು. ಪದವಿ ಮುಗಿದದ್ದು 1936ರಲ್ಲಿ.

ಮುಂಬಯಿಯ ಗುರು, ಕೊಡಗಿನ ಕ್ಷೇತ್ರ

ಅಲ್ಲಿಂದ ಪಯಣ ಮುಂಬಯಿಗೆ. ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಜಿ.ಎಸ್. ಘುರ್ಯೆ ಆ ಕಾಲದ ಭಾರತೀಯ ಸಮಾಜಶಾಸ್ತ್ರದ ದೊಡ್ಡ ಹೆಸರು. ಸಂಸ್ಕೃತ ಪಂಡಿತರಾದ ಘುರ್ಯೆಯವರಿಗೆ ವೇದ, ಧರ್ಮಶಾಸ್ತ್ರ, ಮಹಾಕಾವ್ಯಗಳೂ ಸಮಾಜವನ್ನು ಅರಿಯುವ ಆಕರಗಳೇ. ಜಾತಿಯ ಮೂಲ ಯಾವುದು, ಅದು ಎಲ್ಲಿಂದ ಎಲ್ಲಿಗೆ ಹರಡಿತು, ಯಾವ ಆಚರಣೆ ಯಾವ ಕಾಲದ್ದು ಎಂಬುವು ಆ ಪರಂಪರೆಯ ಮುಖ್ಯ ಪ್ರಶ್ನೆಗಳು. ಇಂದು ಪುಸ್ತಕ ದೃಷ್ಟಿ ಎಂದು ಕರೆಯಲಾಗುವುದು ಈ ಮಾರ್ಗವನ್ನೇ. ಹಾಗೆಂದು ಘುರ್ಯೆ ಶಿಷ್ಯರನ್ನು ಗ್ರಂಥಾಲಯದಲ್ಲಿ ಕೂಡಿಹಾಕಿದವರಲ್ಲ. ಒಬ್ಬೊಬ್ಬರನ್ನು ಒಂದೊಂದು ಸಮುದಾಯದ ಅಧ್ಯಯನಕ್ಕೆ ಅಟ್ಟಿದವರೂ ಅವರೇ.

ಅವರ ಮಾರ್ಗದರ್ಶನದಲ್ಲಿ ಶ್ರೀನಿವಾಸ್ ಕನ್ನಡ ಜಾತಿಗಳಲ್ಲಿನ ಮದುವೆ ಮತ್ತು ಕುಟುಂಬ ಪದ್ಧತಿಗಳ ಮೇಲೆ ಬರೆದ ಪ್ರಬಂಧ 1942ರಲ್ಲಿ ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್ ಎಂಬ ಪುಸ್ತಕವಾಯಿತು. ಬಳಿಕ ಕೊಡವರ ಮೇಲೆ ಪಿಎಚ್.ಡಿ. ಸಂಶೋಧನೆ. 1944ರಲ್ಲಿ ಸಲ್ಲಿಕೆಯಾದ ಆ ಮಹಾಪ್ರಬಂಧ ಎರಡು ಸಂಪುಟಗಳಷ್ಟು ದೊಡ್ಡದಿತ್ತು. ಮಾಹಿತಿಗೆ ಕೊರತೆ ಇರಲಿಲ್ಲ. ಆದರೆ ಕೊಡವರ ಹಬ್ಬ, ವೇಷಭೂಷಣ, ಹಾಡು, ನಂಬಿಕೆಗಳ ಈ ರಾಶಿಗೆಲ್ಲ ಸೂತ್ರ ಯಾವುದು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಆಕ್ಸ್‌ಫರ್ಡ್‌ನಲ್ಲಿ. 1945ರಲ್ಲಿ ಅಲ್ಲಿಗೆ ತೆರಳಿದ ಶ್ರೀನಿವಾಸರಿಗೆ ಮಾರ್ಗದರ್ಶಕರಾಗಿ ದೊರೆತವರು ಎ.ಆರ್. ರಾಡ್‌ಕ್ಲಿಫ್-ಬ್ರೌನ್. ಫ್ರಾನ್ಸಿನ ಎಮಿಲ್ ದರ್ಖೈಮ್ ಅವರ ಚಿಂತನೆಯನ್ನು ಬ್ರಿಟಿಷ್ ಮಾನವಶಾಸ್ತ್ರಕ್ಕೆ ಒಗ್ಗಿಸಿದವರಲ್ಲಿ ಅವರು ಪ್ರಮುಖರು. ಒಂದು ಆಚರಣೆ ಎಲ್ಲಿಂದ ಬಂತೆಂದು ಹುಡುಕುವುದಕ್ಕಿಂತ, ಅದು ಇಂದಿನ ಸಮಾಜದಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಕೇಳಬೇಕೆಂಬುದು ಅವರ ಪಂಥ. ದೇಹದ ಅಂಗಾಂಗಗಳಂತೆ ಸಮಾಜದ ಸಂಸ್ಥೆಗಳೂ ಒಂದಕ್ಕೊಂದು ಹೆಣೆದುಕೊಂಡು ಒಟ್ಟು ರಚನೆಯನ್ನು ಎತ್ತಿಹಿಡಿಯುತ್ತವೆ ಎಂಬ ಈ ಸಿದ್ಧಾಂತವನ್ನು ರಚನಾ-ಕಾರ್ಯವಾದ ಎಂದು ಕರೆಯುತ್ತಾರೆ. ಕೊಡಗಿನ ಸಾಮಗ್ರಿಯನ್ನೇ ಈ ಕನ್ನಡಕ ಹಾಕಿಕೊಂಡು ಮತ್ತೆ ಬರೆಯುವಂತೆ ರಾಡ್‌ಕ್ಲಿಫ್-ಬ್ರೌನ್ ಸೂಚಿಸಿದರು. ಅವರು 1946ರಲ್ಲಿ ನಿವೃತ್ತರಾದ ಮೇಲೆ ಆ ಸ್ಥಾನಕ್ಕೆ ಬಂದ ಇ.ಇ. ಇವಾನ್ಸ್-ಪ್ರಿಚರ್ಡ್ ಅವರ ಕೈಕೆಳಗೆ 1947ರಲ್ಲಿ ಡಿ.ಫಿಲ್. ಪೂರ್ಣಗೊಂಡಿತು.

ಹೊಸ ಕನ್ನಡಕದಲ್ಲಿ ಹಳೆಯ ಟಿಪ್ಪಣಿಗಳು ಬೇರೆಯೇ ಕಂಡವು. ಕೊಡವರ ಒಕ್ಕ, ಅಂದರೆ ತಂದೆಯ ಕಡೆಯಿಂದ ಬಂದ ಅವಿಭಕ್ತ ಮನೆತನ, ಅವರ ಸಮಾಜದ ಮೂಲ ಘಟಕ. ಮದುವೆಯ ಮಂಗಲ, ಹುಲಿಯನ್ನು ಕೊಂದ ವೀರನಿಗೆ ಮಾಡುವ ಮಂಗಲ, ಸುಗ್ಗಿಯ ಹುತ್ತರಿ, ಆಯುಧಗಳ ಕೈಲ್‌ಪೊಳ್ದ್ ಇವೆಲ್ಲ ಬಿಡಿಬಿಡಿ ಸಂಪ್ರದಾಯಗಳಾಗಿ ಉಳಿಯದೆ, ಒಕ್ಕವನ್ನೂ ಊರನ್ನೂ ನಾಡನ್ನೂ ಬೆಸೆಯುವ ಕೊಂಡಿಗಳಾಗಿ ಕಾಣಿಸಿಕೊಂಡವು. ರಾಡ್‌ಕ್ಲಿಫ್-ಬ್ರೌನ್ ಅವರ ಮುನ್ನುಡಿಯೊಂದಿಗೆ 1952ರಲ್ಲಿ ಹೊರಬಂದ ರಿಲಿಜನ್ ಅಂಡ್ ಸೊಸೈಟಿ ಅಮಂಗ್ ದಿ ಕೂರ್ಗ್ಸ್ ಆಫ್ ಸೌತ್ ಇಂಡಿಯಾ ಶ್ರೀನಿವಾಸರನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ ಪರಿಚಯಿಸಿತು. ಸಂಸ್ಕೃತಾನುಕರಣ ಎಂಬ ಪದ ವಿದ್ವತ್ ಲೋಕದಲ್ಲಿ ನೆಲೆ ಕಂಡುಕೊಂಡದ್ದು ಈ ಪುಸ್ತಕದಿಂದಲೇ.

ಎತ್ತಿನ ಮನೆಯ ಅತಿಥಿ

ಆಕ್ಸ್‌ಫರ್ಡ್ ಅವರನ್ನು ಭಾರತೀಯ ಸಮಾಜಶಾಸ್ತ್ರದ ಉಪನ್ಯಾಸಕರನ್ನಾಗಿ ನೇಮಿಸಿಕೊಂಡಿತು. ಮೊದಲ ವರ್ಷವನ್ನು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯಕ್ಕೆ ಬಳಸಲು ಇವಾನ್ಸ್-ಪ್ರಿಚರ್ಡ್ ಅನುವು ಮಾಡಿಕೊಟ್ಟರು. ಹೀಗೆ 1948ರಲ್ಲಿ ಶ್ರೀನಿವಾಸ್ ರಾಂಪುರಕ್ಕೆ ಬಂದರು. ರಾಂಪುರ ಎಂಬುದು ಊರಿನ ನಿಜವಾದ ಹೆಸರಲ್ಲ. ಅಧ್ಯಯನಕ್ಕೆ ಒಳಗಾದವರ ಗುರುತು ಮರೆಮಾಡುವ ಶಾಸ್ತ್ರದ ರೂಢಿಯಂತೆ ಅವರು ಕೊಟ್ಟ ಹೆಸರು.

ಆ ವರ್ಷ ಊರಿನ ಜನಸಂಖ್ಯೆ 1,523. ಹೆಚ್ಚುಕಡಿಮೆ ಅರ್ಧದಷ್ಟು ಜನ ಒಕ್ಕಲಿಗರು. ಕುರುಬರು, ಮುಸ್ಲಿಮರು, ದಲಿತರು, ಕುಶಲಕರ್ಮಿಗಳು, ಒಂದಿಷ್ಟು ಬ್ರಾಹ್ಮಣರು ಮತ್ತು ಲಿಂಗಾಯತರು ಉಳಿದ ಭಾಗ. ಸ್ವಾತಂತ್ರ್ಯ ಬಂದು ವರ್ಷವೂ ಆಗಿರಲಿಲ್ಲ. ಭೂಸುಧಾರಣೆಯಾಗಲಿ ವಯಸ್ಕ ಮತದಾನದ ಚುನಾವಣೆಯಾಗಲಿ ಇನ್ನೂ ಊರಿನೊಳಗೆ ಕಾಲಿಟ್ಟಿರಲಿಲ್ಲ. ಪಟೇಲರು ತಮ್ಮ ಎತ್ತಿನ ಮನೆಯಲ್ಲಿ ಜಾಗ ಕೊಟ್ಟರು. ಅಡುಗೆಯವನೊಬ್ಬ, ಒಂದಿಷ್ಟು ಪೆಟ್ಟಿಗೆಗಳು, ಕ್ಯಾಮೆರಾ, ನೋಟ್ ಪುಸ್ತಕಗಳು. ಮುಂದಿನ ತಿಂಗಳುಗಳಲ್ಲಿ ಶ್ರೀನಿವಾಸರ ಲೋಕ ಅಷ್ಟೇ.

ಸಹಭಾಗಿ ಅವಲೋಕನ ಎಂಬ ವಿಧಾನವನ್ನು ಪಠ್ಯಪುಸ್ತಕಗಳು ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಪೋಲೆಂಡ್ ಮೂಲದ ಮಲಿನೋವ್‌ಸ್ಕಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆ ವಾಸಿಸಿ, ಅವರ ಭಾಷೆ ಕಲಿತು ನಡೆಸಿದ ಅಧ್ಯಯನ ಇದಕ್ಕೆ ಮಾದರಿಯೆನಿಸಿತ್ತು. ಆದರೆ ಮಲಿನೋವ್‌ಸ್ಕಿ ಅಲ್ಲಿಗೆ ಪರಕೀಯ. ರಾಂಪುರದಲ್ಲಿ ಶ್ರೀನಿವಾಸ್ ಪೂರ್ತಿ ಹೊರಗಿನವರೂ ಅಲ್ಲ, ಒಳಗಿನವರೂ ಅಲ್ಲ. ಪೂರ್ವಿಕರು ಅದೇ ಸೀಮೆಯವರು. ಊರಿನ ಭಾಷೆ ತಿಳಿದಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ಯಾರ ಮಗ, ಯಾವ ಜಾತಿ ಎಂಬುದು ಊರಿಗೆ ತಿಳಿದಿತ್ತು. ಇಂಗ್ಲೆಂಡಿನಲ್ಲಿ ಓದಿಬಂದ ಸಂಶೋಧಕ ಎಂಬ ಗುರುತಿಗಿಂತ ಬ್ರಾಹ್ಮಣ ಜಮೀನುದಾರ ಮನೆತನದವರು ಎಂಬ ಗುರುತೇ ಊರಿನವರಿಗೆ ಮುಖ್ಯವಾಯಿತು.

ಇದರ ಪರಿಣಾಮ ದಿನನಿತ್ಯದ ಸಣ್ಣ ಸಂಗತಿಗಳಲ್ಲೂ ಕಂಡುಬಂತು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಳ್ಳುತ್ತಿದ್ದ ಅವರನ್ನು ಕಂಡು ಪಟೇಲರು ಆಕ್ಷೇಪಿಸಿದರು. ಬ್ರಾಹ್ಮಣನಾದವನು ಮೈಲಿಗೆಯನ್ನು ಮೊದಲು ಕಳೆದುಕೊಂಡು ಬಳಿಕ ಮೀಯಬೇಕಲ್ಲವೆ ಎಂಬುದು ಅವರ ತಕರಾರು. ಮಡಿ-ಮೈಲಿಗೆಯನ್ನು ಅಧ್ಯಯನ ಮಾಡಲು ಬಂದವರಿಗೆ ಒಕ್ಕಲಿಗ ಪಟೇಲರೇ ಮಡಿಯ ಪಾಠ ಹೇಳಿದರು! ಇದು ನಗೆ ತರಿಸುವ ಪ್ರಸಂಗವೆನ್ನುವುದು ನಿಜ. ಆದರೆ ಶಾಸ್ತ್ರ ಬಲ್ಲವರು ಮಾತ್ರ ನಿಯಮ ಕಾಯುವುದಿಲ್ಲ, ಪ್ರತಿಯೊಬ್ಬರೂ ತನ್ನ ಪಕ್ಕದವರ ಸ್ಥಾನವನ್ನು ಕಾಯುತ್ತಾರೆ ಎಂಬ ಸತ್ಯವೂ ಅದರಲ್ಲೇ ಇತ್ತು.

ಅದೇ ಗುರುತು ಕೆಲವು ಬಾಗಿಲುಗಳನ್ನು ಮುಚ್ಚಿತು. ಪಟೇಲರ ಅತಿಥಿಯಾದವರು ದಲಿತರ ಕೇರಿಗೆ ಮನಬಂದಂತೆ ಹೋಗಿಬರುವಂತಿರಲಿಲ್ಲ. ಮುಸ್ಲಿಮರೊಂದಿಗಿನ ಒಡನಾಟವೂ ಮಿತವಾಗಿಯೇ ಉಳಿಯಿತು. ಹೆಂಗಸರ ಲೋಕವಂತೂ ದೂರವೇ ಇತ್ತು. ಅವರಿಗೆ ಕಂಡ ರಾಂಪುರವು ಬಹುಮಟ್ಟಿಗೆ ಉಳ್ಳ ಭೂಮಾಲೀಕ ಗಂಡಸರ ಜಗಲಿಯಿಂದ ಕಂಡ ರಾಂಪುರ. ಈ ಮಿತಿಯನ್ನು ಶ್ರೀನಿವಾಸ್ ಮುಚ್ಚಿಡಲಿಲ್ಲ, ಪುಸ್ತಕದಲ್ಲೇ ಬರೆದರು. ಬರೆದ ಮಾತ್ರಕ್ಕೆ ಆ ಕೊರತೆ ತುಂಬಲಿಲ್ಲ ಎಂಬುದೂ ಅಷ್ಟೇ ನಿಜ.

ಕೆಲಸ ಮಾತ್ರ ಕಟ್ಟುನಿಟ್ಟಿನದು. ಮನೆಮನೆಯ ಗಣತಿ, ವಂಶಾವಳಿ, ಜಮೀನಿನ ವಿವರ, ಸಾಲದ ಸಂಬಂಧಗಳು, ಯಾರು ಯಾರ ಕೈಯ ನೀರು ಕುಡಿಯುತ್ತಾರೆ, ಯಾರ ಮನೆಯ ಊಟ ಒಪ್ಪುತ್ತಾರೆ ಎಂಬ ಲೆಕ್ಕ. ಎಲ್ಲಕ್ಕಿಂತ ಫಲ ಕೊಟ್ಟದ್ದು ಜಗಳಗಳ ಅಧ್ಯಯನ. ಎಲ್ಲವೂ ಸುಸೂತ್ರವಾಗಿರುವಾಗ ಊರಿನ ನಿಯಮಗಳು ಕಣ್ಣಿಗೆ ಬೀಳುವುದಿಲ್ಲ. ಪಾಲಿನ ವ್ಯಾಜ್ಯವೋ ಜಾತಿ ಬಹಿಷ್ಕಾರವೋ ಪಂಚಾಯಿತಿಯ ಮುಂದೆ ಬಂದಾಗ ಹತ್ತಾರು ವರ್ಷಗಳ ಹಿಂದಿನ ಹಳೆಯ ಕಡತಗಳೂ ಹೊರಬರುತ್ತವೆ. ಒಂದು ಅವಿಭಕ್ತ ಕುಟುಂಬದ ಕಲಹ, ಮಡಿವಾಳರ ನಡುವಿನ ಜಾತಿ ವ್ಯಾಜ್ಯ ಇವುಗಳ ಮೇಲೆ ಅವರು 1950ರ ದಶಕದ ಮೊದಲ ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳು ವಿದ್ಯಾರ್ಥಿಗಳಿಗೆ ಇಂದಿಗೂ ಮಾದರಿಯಾಗಬಲ್ಲವು.

ದೇವರ ವಿಷಯದಲ್ಲೂ ಪುಸ್ತಕ ಬೇರೆ, ಊರು ಬೇರೆ. ಮಳೆ ಕೈಕೊಟ್ಟಾಗ ಬಸವ ದೇವರ ಮುಂದೆ ಹೂವಿನ ಪ್ರಸಾದ ಕೇಳುವ ರೈತರು, ಪ್ರಸಾದ ಬೀಳದಿದ್ದರೆ ದೇವರನ್ನು ಅನುನಯಿಸಿ, ಕೊನೆಗೆ ಗದರಿಸಿ ಹಂಗಿಸುತ್ತಿದ್ದರು. ಮರ್ಯಾದೆ ಉಳಿಸಿಕೊಳ್ಳಬೇಕಾದ ಹೊಣೆ ದೇವರಿಗೂ ಇತ್ತು. ವೇದಾಂತದ ಯಾವ ಗ್ರಂಥದಲ್ಲೂ ಸಿಗದ ಈ ಸಲುಗೆಯ ಭಕ್ತಿಯನ್ನು ಶ್ರೀನಿವಾಸ್ ಅಷ್ಟೇ ಗಂಭೀರವಾಗಿ ದಾಖಲಿಸಿಕೊಂಡರು. 1952ರ ಬೇಸಿಗೆಯಲ್ಲಿ ಮತ್ತೊಮ್ಮೆ ರಾಂಪುರಕ್ಕೆ ಬಂದು ಅಧ್ಯಯನವನ್ನು ಮುಂದುವರಿಸಿದರು.

ಮೂರು ಪದಗಳು

ವರ್ಣದ ಚಿತ್ರದಲ್ಲಿ ಮೆಟ್ಟಿಲುಗಳು ನಾಲ್ಕೇ. ಅವು ದೇಶದಾದ್ಯಂತ ಒಂದೇ, ಮತ್ತು ಎಂದೆಂದಿಗೂ ಅಲುಗದವು. ಹಳ್ಳಿಯಲ್ಲಿ ಕಂಡದ್ದು ಹಾಗಿರಲಿಲ್ಲ. ಅಲ್ಲಿರುವುದು ಜಾತಿಗಳು. ಒಂದು ಪ್ರದೇಶದ ಜಾತಿಗಳ ಪಟ್ಟಿ ಇನ್ನೊಂದು ಪ್ರದೇಶಕ್ಕೆ ಹೊಂದುವುದಿಲ್ಲ. ಮೇಲಿನ ತುದಿ, ಕೆಳಗಿನ ತುದಿ ಖಚಿತವಿದ್ದರೂ ನಡುವೆ ಯಾರು ಯಾರಿಗಿಂತ ಮೇಲು ಎಂಬುದರ ಮೇಲೆ ನಿರಂತರ ವಾದ. ತಾವು ಇಂಥವರಿಗಿಂತ ಮೇಲು ಎಂದು ಹೇಳಿಕೊಳ್ಳುವ ಜಾತಿಯ ಮಾತನ್ನು ಆ ಇಂಥವರು ಒಪ್ಪುವುದೇ ಇಲ್ಲ.

ಈ ನಡುವಣ ಚಲನೆಗೆ ಶ್ರೀನಿವಾಸ್ ಕೊಟ್ಟ ಹೆಸರು ಸಂಸ್ಕೃತಾನುಕರಣ. ಕೆಳಸ್ತರದ ಜಾತಿಯೊಂದು ಮಾಂಸ-ಮದ್ಯ ತ್ಯಜಿಸಿ, ಮೇಲುಜಾತಿಯ ವಿಧಿ, ಆಚಾರ, ನಂಬಿಕೆಗಳನ್ನು ಅಳವಡಿಸಿಕೊಂಡು, ಒಂದೆರಡು ತಲೆಮಾರುಗಳಲ್ಲಿ ಹೆಚ್ಚಿನ ಸ್ಥಾನಕ್ಕೆ ಹಕ್ಕು ಸಾಧಿಸುವ ಪ್ರಕ್ರಿಯೆ ಅದು. ಇದನ್ನು ಬ್ರಾಹ್ಮಣೀಕರಣ ಎಂದು ಅವರು ಕರೆಯದಿರಲು ಕಾರಣವಿತ್ತು. ಅನುಕರಣೆಗೆ ಮಾದರಿಯಾಗುವವರು ಎಲ್ಲ ಕಡೆ ಬ್ರಾಹ್ಮಣರೇ ಆಗಿರುವುದಿಲ್ಲ. ಕ್ಷತ್ರಿಯರೋ ವೈಶ್ಯರೋ ಸ್ಥಳೀಯ ಭೂಮಾಲೀಕ ಜಾತಿಯೋ ಆಗಿರಬಹುದು. ಇನ್ನೂ ಒಂದು ಎಚ್ಚರಿಕೆಯನ್ನು ಅವರು ಕೊಟ್ಟಿದ್ದರು. ಅನುಕರಿಸಿದ ಮಾತ್ರಕ್ಕೆ ಮೇಲೇರುವುದು ಖಚಿತವಲ್ಲ. ದಕ್ಷಿಣ ಭಾರತದ ಅಕ್ಕಸಾಲಿ, ಕಮ್ಮಾರ ಮೊದಲಾದ ವಿಶ್ವಕರ್ಮರು ಬ್ರಾಹ್ಮಣ ಆಚಾರಗಳನ್ನು ಬಹುಕಾಲದಿಂದ ಪಾಲಿಸಿದರೂ ಅವರ ಹಕ್ಕುದಾರಿಕೆಯನ್ನು ಇತರ ಜಾತಿಗಳು ಒಪ್ಪದ್ದನ್ನು 1956ರ ಲೇಖನದಲ್ಲಿ ಅವರೇ ಎತ್ತಿ ತೋರಿಸಿದರು. ಒಂದು ಜಾತಿ ಮೇಲೇರಿದರೂ ಏಣಿ ಹಾಗೆಯೇ ಉಳಿಯುತ್ತದೆ ಎಂಬುದು ಈ ಪರಿಕಲ್ಪನೆಯ ಮರೆತುಹೋಗುವ ಭಾಗ.

ಏಣಿಯನ್ನು ಹಿಡಿದಿರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಪ್ರಬಲ ಜಾತಿ. ಸಂಖ್ಯಾಬಲ, ಭೂಮಿ, ರಾಜಕೀಯ ಶಕ್ತಿ ಇದ್ದು, ಆಚಾರದ ಶ್ರೇಣಿಯಲ್ಲಿ ತೀರಾ ಕೆಳಗಿಲ್ಲದಿದ್ದರೆ ಒಂದು ಜಾತಿ ಊರಿನ ಯಜಮಾನಿಕೆ ಪಡೆಯುತ್ತದೆ. ಕಾಲಕ್ರಮದಲ್ಲಿ ಆಧುನಿಕ ಶಿಕ್ಷಣ ಮತ್ತು ನೌಕರಿಗಳೂ ಈ ಪಟ್ಟಿಗೆ ಸೇರಿದವು. ರಾಂಪುರದಲ್ಲಿ ಬ್ರಾಹ್ಮಣರು ಆಚಾರದಲ್ಲಿ ಮೇಲಿದ್ದರೂ ವ್ಯಾಜ್ಯ ತೀರ್ಮಾನ ಮಾಡುತ್ತಿದ್ದವರು ಒಕ್ಕಲಿಗ ಮುಖಂಡರು. ಮಡಿಯ ಮೇಲು-ಕೀಳು ಬೇರೆ, ಅಧಿಕಾರದ ಮೇಲು-ಕೀಳು ಬೇರೆ ಎಂಬ ಈ ಸರಳ ಸಂಗತಿಯನ್ನು ಪುಸ್ತಕ ದೃಷ್ಟಿ ಕಂಡಿರಲಿಲ್ಲ. ಅಂಥ ಮುಖಂಡನೊಬ್ಬ ತನ್ನ ಆಶ್ರಿತರ ಮತಗಳನ್ನು ಒಟ್ಟಾಗಿ ಅಭ್ಯರ್ಥಿಗೆ ಒಪ್ಪಿಸಬಲ್ಲ ಎಂಬುದನ್ನು ಹೇಳಲು 1955ರಲ್ಲಿ ಪ್ರಕಟವಾದ ರಾಂಪುರದ ಕುರಿತ ಲೇಖನದಲ್ಲಿ ಮತಬ್ಯಾಂಕ್ ಎಂಬ ಪದವನ್ನು ಬಳಸಿದರು. ಇಂದಿನ ಬಳಕೆಯಲ್ಲಿ ಅದು ಒಂದು ಸಮುದಾಯದ ಮೇಲೆ ಹೊರಿಸುವ ಆರೋಪವಾಗಿಬಿಟ್ಟಿದೆ. ಮೂಲದಲ್ಲಿ ಆ ಬ್ಯಾಂಕಿನ ಖಾತೆಯನ್ನು ನಡೆಸುತ್ತಿದ್ದವನು ಊರಿನ ಯಜಮಾನ.

ಈ ನಡುವೆ 1951ರಲ್ಲಿ ಆಕ್ಸ್‌ಫರ್ಡ್ ತೊರೆದು ಬಂದಿದ್ದ ಶ್ರೀನಿವಾಸ್ ಬರೋಡಾದ ಮಹಾರಾಜಾ ಸಯ್ಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. 1959ರಲ್ಲಿ ವಿ.ಕೆ.ಆರ್.ವಿ. ರಾವ್ ಅವರ ಆಹ್ವಾನದ ಮೇರೆಗೆ ದೆಹಲಿಗೆ ತೆರಳಿ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಮತ್ತೊಂದು ವಿಭಾಗಕ್ಕೆ ಅಡಿಪಾಯ ಹಾಕಿದರು. ಎ.ಎಂ. ಶಾ, ಆಂದ್ರೆ ಬೆತೆಯ್, ಎಂ.ಎಸ್.ಎ. ರಾವ್ ಅವರಂಥ ವಿದ್ವಾಂಸರು ಅಲ್ಲಿ ಅವರ ಜೊತೆಗೂಡಿದರು. 1966ರಲ್ಲಿ ಸೋಷಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯಾ ಬಂತು. ಹೆಸರು, ಹುದ್ದೆ, ಶಿಷ್ಯರು ಎಲ್ಲವೂ ಇದ್ದವು. ಇಲ್ಲದಿದ್ದದ್ದು ರಾಂಪುರದ ಮೇಲಿನ ಸಮಗ್ರ ಗ್ರಂಥ ಮಾತ್ರ. ವಿಭಾಗ ಕಟ್ಟುವ ಕೆಲಸದಲ್ಲಿ ಅದು ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಇತ್ತು.

1970, ಏಪ್ರಿಲ್ 24

ಕೊನೆಗೂ ಆ ಗ್ರಂಥವನ್ನು ಬರೆದು ಮುಗಿಸಲೆಂದೇ ಅವರು ಅಮೆರಿಕಕ್ಕೆ ತೆರಳಿದರು. ಕ್ಯಾಲಿಫೋರ್ನಿಯಾದ ಸ್ಟಾನ್‌ಫರ್ಡ್‌ನಲ್ಲಿರುವ ವರ್ತನಾ ವಿಜ್ಞಾನಗಳ ಉನ್ನತ ಅಧ್ಯಯನ ಕೇಂದ್ರದಲ್ಲಿ ಅವರಿಗೆ ಒಂದು ಕೊಠಡಿ ದೊರೆಯಿತು. 18 ವರ್ಷಗಳ ಕಾಲ ವಿಂಗಡಿಸಿ, ಶೀರ್ಷಿಕೆಗಳಡಿ ಜೋಡಿಸಿ ಸಿದ್ಧಪಡಿಸಿದ್ದ ರಾಂಪುರದ ಟಿಪ್ಪಣಿಗಳ ಮೂರೂ ಪ್ರತಿಗಳು ಅದೇ ಕೊಠಡಿಯಲ್ಲಿದ್ದವು.

ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ವಿದ್ಯಾರ್ಥಿಗಳು ಸಿಡಿದೆದ್ದಿದ್ದ ದಿನಗಳವು. 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಕೇಂದ್ರಕ್ಕೆ ಬೆಂಕಿ ಇಟ್ಟರು. ಯುದ್ಧಕ್ಕೂ ರಾಂಪುರಕ್ಕೂ ಎತ್ತಣಿಂದೆತ್ತಣ ಸಂಬಂಧವೂ ಇರಲಿಲ್ಲ. ಆದರೂ ಉರಿದುಹೋದದ್ದು ಮೈಸೂರಿನ ಒಂದು ಹಳ್ಳಿಯ ಗಣತಿ, ವಂಶಾವಳಿ, ವ್ಯಾಜ್ಯಗಳ ವಿವರ. ಸಂಶೋಧಕನೊಬ್ಬನಿಗೆ ಇದಕ್ಕಿಂತ ದೊಡ್ಡ ನಷ್ಟವನ್ನು ಊಹಿಸುವುದು ಕಷ್ಟ. ಅವರಿಗೆ ಆಗ 53 ವರ್ಷ.

ಆ ಹೊತ್ತಿಗೆ ಅವರನ್ನು ಮತ್ತೆ ಮೇಜಿನ ಮುಂದೆ ಕೂರಿಸಿದ್ದು ಅಮೆರಿಕದ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಅವರ ಸಲಹೆ. ಟಿಪ್ಪಣಿಗಳು ಹೋದರೆ ಹೋಗಲಿ, ಹಳ್ಳಿ ನೆನಪಿನಲ್ಲಿದೆಯಲ್ಲ, ಅದನ್ನೇ ಬರೆಯಬೇಕೆಂದು ಟ್ಯಾಕ್ಸ್ ಒತ್ತಾಯಿಸಿದರು. ಕೇಳಲು ಸುಲಭವಾದ ಈ ಮಾತನ್ನು ಒಪ್ಪುವುದು ಶ್ರೀನಿವಾಸರಂಥವರಿಗೆ ಸುಲಭವಾಗಿರಲಾರದು. ಕಂಡದ್ದನ್ನು ಕಂಡ ದಿನವೇ ಬರೆದಿಡಬೇಕು, ನೆನಪನ್ನು ನಂಬಬಾರದು ಎಂಬುದು ಕ್ಷೇತ್ರಕಾರ್ಯದ ಮೊದಲ ಪಾಠ. ತಾವು ವಿದ್ಯಾರ್ಥಿಗಳಿಗೆ ಕಲಿಸಿದ ಶಿಸ್ತಿಗೆ ವಿರುದ್ಧವಾಗಿ ಅವರೇ ಬರೆಯಬೇಕಾಗಿತ್ತು.

ದಿ ರಿಮೆಂಬರ್ಡ್ ವಿಲೇಜ್, ಅಂದರೆ ನೆನಪಿನ ಹಳ್ಳಿ, ಪ್ರಕಟವಾದದ್ದು 1976ರಲ್ಲಿ. ಅಂಕಿ-ಅಂಶಗಳ ಪಟ್ಟಿಗಳು ಸುಟ್ಟುಹೋಗಿದ್ದರಿಂದಲೋ ಏನೋ ಮನುಷ್ಯರು ಮುಂದೆ ಬಂದರು. ಮಿತಭಾಷಿಯೂ ಜಾಣರೂ ಆದ ಪಟೇಲರು, ಎಲ್ಲರ ವಿಶ್ವಾಸ ಗಳಿಸಿದ್ದ ನಾಡುಗೌಡರು, ತಾನೇ ಸಂಶೋಧಕರ ಸಹಾಯಕನೆಂದು ನೇಮಿಸಿಕೊಂಡು ಎಲ್ಲ ವ್ಯವಹಾರಕ್ಕೂ ಮೂಗು ತೂರಿಸುವ ಕುಳ್ಳೇಗೌಡ ಇವರೆಲ್ಲ ಕಾದಂಬರಿಯ ಪಾತ್ರಗಳಂತೆ ಓದುಗರ ಮನಸ್ಸಿನಲ್ಲಿ ನಿಂತರು. ಸಮಾಜಶಾಸ್ತ್ರವನ್ನು ಎಂದೂ ಓದದವರೂ ಓದಿದ ಸಮಾಜಶಾಸ್ತ್ರದ ಪುಸ್ತಕವದು.

ವಿದ್ವಾಂಸರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ ಪತ್ರಿಕೆ 1978ರಲ್ಲಿ ಈ ಒಂದು ಕೃತಿಯ ವಿಮರ್ಶೆಗೇ ವಿಶೇಷ ಸಂಚಿಕೆ ಮೀಸಲಿಟ್ಟಿತು. ನೆನಪಿನಿಂದ ಬರೆದದ್ದು ವಿಜ್ಞಾನವೋ ಸಾಹಿತ್ಯವೋ ಎಂಬ ಪ್ರಶ್ನೆ ಎದ್ದಿತು. ನೆನಪು ಆಯ್ಕೆ ಮಾಡುತ್ತದೆ ಎಂಬ ಆಕ್ಷೇಪಣೆ ಸರಿಯಾದದ್ದೇ. ಆದರೆ ಪಟೇಲರ ಜಗಲಿಯಲ್ಲಿ ಕುಳಿತು ಅಂದೇ ಬರೆದ ಟಿಪ್ಪಣಿಯೂ ಆಯ್ಕೆಯೇ ಅಲ್ಲವೆ? ದಲಿತ ಕೇರಿಯ ಕಥೆ ಪುಸ್ತಕದಲ್ಲಿ ತೆಳುವಾಗಿರುವುದಕ್ಕೆ ಬೆಂಕಿ ಕಾರಣವಲ್ಲ. ಅದು 1948ರಲ್ಲೇ ನಿರ್ಧಾರವಾಗಿತ್ತು. ಕೇಂಬ್ರಿಜ್‌ನ ಎಡ್ಮಂಡ್ ಲೀಚ್ 1963ರಷ್ಟು ಹಿಂದೆಯೇ ಸಂಸ್ಕೃತಾನುಕರಣ ಎಂಬುದು ಬ್ರಾಹ್ಮಣ ಕೇಂದ್ರಿತ ನೋಟವೆಂದು ಟೀಕಿಸಿದ್ದರು. ಮೇಲಕ್ಕೆ ನೋಡುವ ಜಾತಿಗಳ ಕಥೆಯಷ್ಟೇ ಮುಖ್ಯವಾದದ್ದು ಆ ಏಣಿಯನ್ನೇ ನಿರಾಕರಿಸಿದವರ ಕಥೆ. ಅಂಬೇಡ್ಕರ್ ಚಳವಳಿಯ ಕಥೆ ಅಂಥದ್ದು. ಅದಕ್ಕೆ ಶ್ರೀನಿವಾಸರ ಪರಿಕಲ್ಪನೆಯೊಳಗೆ ಸಾಕಷ್ಟು ಜಾಗವಿರಲಿಲ್ಲ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ.

ತವರಿಗೆ ಮರಳಿದ್ದು

1972ರಲ್ಲಿ ವಿ.ಕೆ.ಆರ್.ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಆರಂಭಿಸಿದಾಗ ಶ್ರೀನಿವಾಸ್ ದೆಹಲಿಯನ್ನು ಬಿಟ್ಟು ಜಂಟಿ ನಿರ್ದೇಶಕರಾಗಿ ಬಂದರು. 1976ರಲ್ಲಿ ಬ್ರಿಟನ್ನಿನ ರಾಯಲ್ ಆಂಥ್ರೊಪೊಲಾಜಿಕಲ್ ಇನ್‌ಸ್ಟಿಟ್ಯೂಟ್‌ನ ಹಕ್ಸ್‌ಲಿ ಪದಕ, 1977ರಲ್ಲಿ ಪದ್ಮಭೂಷಣ ಸಂದವು. 1979ರಲ್ಲಿ ಎ.ಎಂ. ಶಾ, ಇ.ಎ. ರಾಮಸ್ವಾಮಿ ಅವರೊಂದಿಗೆ ಸಂಪಾದಿಸಿದ ದಿ ಫೀಲ್ಡ್‌ವರ್ಕರ್ ಅಂಡ್ ದಿ ಫೀಲ್ಡ್ ಕೃತಿಯಲ್ಲಿ, ಭಾರತದ ಹಲವು ಸಂಶೋಧಕರು ತಮ್ಮ ಕ್ಷೇತ್ರಕಾರ್ಯದ ಕಷ್ಟ, ಮುಜುಗರ, ಸೋಲುಗಳನ್ನು ಬರೆದರು. ತನ್ನದೇ ಸಮಾಜವನ್ನು ಅಧ್ಯಯನ ಮಾಡುವವನಿಗೆ ಎದುರಾಗುವ ತೊಡಕು ಎಂಥದ್ದೆಂದು ತಿಳಿಯಲು ಆಸಕ್ತರು ಮೊದಲು ಕೈಗೆತ್ತಿಕೊಳ್ಳಬೇಕಾದ ಪುಸ್ತಕಗಳಲ್ಲಿ ಇದೂ ಒಂದು.

ಕೊನೆಯ ವರ್ಷಗಳನ್ನು ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕಳೆದರು. ಲೇಖನಿ ನಿಲ್ಲಲಿಲ್ಲ. ಪತ್ರಿಕೆಗಳಿಗೂ ಬರೆಯುತ್ತಿದ್ದರು. 1996ರಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಜಾತಿ ತಳೆದ ಅವತಾರಗಳ ಕುರಿತ ಲೇಖನಗಳ ಸಂಕಲನವನ್ನು ಸಂಪಾದಿಸಿದರು. 1999ರ ನವೆಂಬರ್ 30ರಂದು, 83ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು.

ಜಾತಿ ವ್ಯವಸ್ಥೆಗೆ ಒಂದು ಚರಮಲೇಖ ಎಂಬ ಅರ್ಥದ ಶೀರ್ಷಿಕೆಯ ಅವರ ಉಪನ್ಯಾಸ 2003ರ ಫೆಬ್ರುವರಿಯಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪ್ರಕಟವಾಯಿತು. ಮಡಿವಾಳ, ಕುಂಬಾರ, ಕಮ್ಮಾರರು ದುಡಿಮೆಗೆ ಪ್ರತಿಯಾಗಿ ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದ ಹಳ್ಳಿಯ ಉತ್ಪಾದನಾ ವ್ಯವಸ್ಥೆ ಕುಸಿಯುತ್ತಿರುವುದರಿಂದ ಅದರ ಮೇಲೆ ನಿಂತಿದ್ದ ಜಾತಿ ವ್ಯವಸ್ಥೆಯೂ ಕೊನೆಯ ಹಂತದಲ್ಲಿದೆ, ಆದರೆ ಬಿಡಿಬಿಡಿ ಜಾತಿಗಳು ಮಾತ್ರ ಬಲಗೊಳ್ಳುತ್ತಲೇ ಇವೆ ಎಂಬುದು ಅದರ ವಾದ.